ಕೂಗಿ ಹೇಳಲಾಗದ ಮಾತು

ನನಗೊಂದು ಅಭ್ಯಾಸವಿದೆ. ಯಾವ ಕಾಗದ ಮಡಿಸಿದರೂ ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರನ್ನು ಒಮ್ಮೆ ಒತ್ತಿ ಎಳೆಯುತ್ತೇನೆ. ಕರೆಂಟ್ ಬಿಲ್ಲಾಗಲಿ, ಮದುವೆಯ ಕರೆಯೋಲೆಯಾಗಲಿ, ಔಷಧಿ ಅಂಗಡಿಯ ಚೀಟಿಯಾಗಲಿ, ಉಗುರು ತೀಡದಿದ್ದರೆ ನನಗೆ ಸಮಾಧಾನವಿಲ್ಲ. ಮೊನ್ನೆ ಸ್ಟಾಫ್ ರೂಮಿನಲ್ಲಿ ಯಾವುದೋ ಸುತ್ತೋಲೆಯನ್ನು ಹೀಗೆ ತೀಡುತ್ತಾ ಕೂತಿದ್ದೆ. ಹೊಸದಾಗಿ ಬಂದಿರುವ ವಿಜ್ಞಾನದ ಮೇಡಂ, “ಏನ್ ಮೇಡಂ, ಇಸ್ತ್ರಿ ಮಾಡ್ತಿದೀರಾ?” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಹುಡುಗಿಗೆ ಗೊತ್ತಿಲ್ಲ, ಇದು ಇನ್‌ಲ್ಯಾಂಡ್ ಲೆಟರಿನ ಕಾಲದ ಕೈ. ನೀಲಿ ಕಾಗದವನ್ನು ಮೂರು ಮಡಿಕೆ ಮಾಡಿ, ಅಂಚಿನ ಅಂಟನ್ನು ನಂಬದೆ ಒಂದು ಅಗುಳು ಅನ್ನ ಮೆತ್ತಿ, ಉಗುರಿನಲ್ಲಿ ತೀಡಿ, ಬಿಸಿಲಿಗಿಟ್ಟು ಅಂಚೆ ಡಬ್ಬಕ್ಕೆ ಹಾಕಿದ ಕೈ.

ಕಾಗದ ಬರೆಯುವ ಆ ಕೈ ನನ್ನ ಮಗಳಿಗೂ ಬಂದಿದೆ. ಅದು ಹೇಗೆ ಬಂತು ಅನ್ನುವುದನ್ನು ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೇನೆ.

ನಾನು ಗಣಿತದ ಮೇಡಂ. ಮಂಡಿಕಲ್ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಭಿನ್ನರಾಶಿ, ಬಡ್ಡಿ ಲೆಕ್ಕ ಹೇಳಿಕೊಟ್ಟುಕೊಂಡು ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿಕೊಂಡಿದ್ದವಳು. ಕಾಗದ ಬರೆಯುವುದರ ಬಗ್ಗೆ ಮಕ್ಕಳಿಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲವೇ ಇಲ್ಲ. ನನ್ನ ಅಕ್ಷರ ಅಷ್ಟು ಕೆಟ್ಟದು. ಬೋರ್ಡಿನ ಮೇಲೆ ನಾನು ಬರೆದ ಏಳನ್ನು ಮಕ್ಕಳು ಒಂದು ಅಂತ ಓದಿ, ಉತ್ತರ ತಪ್ಪಾದರೆ ಆ ತಪ್ಪಿನ ಅರ್ಧ ಪಾಲು ನನ್ನದೇ ಆಗಿರುತ್ತಿತ್ತು. “ನೀನು ಬರೆದ್ರೆ ಬೆಲ್ಲದ ಡಬ್ಬಕ್ಕೆ ಇರುವೆ ಹೊರಟಂಗಿರುತ್ತೆ ಕಣೇ” ಎನ್ನುತ್ತಿದ್ದಳು ನಮ್ಮಮ್ಮ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ದುಂಡಗಿನ, ಬಿಡಿಬಿಡಿಯಾದ ಅಕ್ಷರವಾದರೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಜೋರಾಗಿ ಓದುತ್ತಿದ್ದಳು. ಮನಸ್ಸಿನಲ್ಲೇ ಓದುವುದು ಅವಳಿಗೆ ಬರುತ್ತಲೇ ಇರಲಿಲ್ಲ.

ಅಮ್ಮ ಇದ್ದದ್ದು ಶಿಡ್ಲಘಟ್ಟದಲ್ಲಿ, ನಮ್ಮಣ್ಣನ ಜೊತೆ. ಅಣ್ಣನದು ತುಂಬಿದ ಮನೆ. ಮನೆಗೆ ಅಂಟಿಕೊಂಡೇ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡು, ಬೆಳಗಾಗುತ್ತಲೂ ಶುರುವಾಗುವ ಮೋಟಾರಿನ ಸದ್ದು, ಕೆಲಸಕ್ಕೆ ಬರುವ ಹೆಂಗಸರ ಮಾತು, ಬೆಂದ ಗೂಡಿನ ವಾಸನೆ. ಅಂಥ ಗಲಾಟೆಯ ನಡುವೆ ಅಮ್ಮನಿಗೆ ಕಿವಿ ಮಂದವಾಗುತ್ತಾ ಹೋದದ್ದು ಮೊದಮೊದಲು ಯಾರಿಗೂ ತಿಳಿಯಲೇ ಇಲ್ಲ. ತಿಳಿಯುವ ಹೊತ್ತಿಗೆ ಬಹುಪಾಲು ಹೋಗಿತ್ತು. ಅಣ್ಣ ಬೆಂಗಳೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿದ. ಅದರಲ್ಲಿ ಕುಕ್ಕರಿನ ಸೀಟಿ ಕೇಳಿತು, ಮೋಟಾರು ಕೇಳಿತು, ಪಾತ್ರೆ ಬಿದ್ದದ್ದು ಕೇಳಿತು, ಮನುಷ್ಯರ ಮಾತು ಮಾತ್ರ ಕೇಳಲಿಲ್ಲ. ಅಮ್ಮ ಅದನ್ನು ಬಿಚ್ಚಿ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಸೀರೆಗಳ ಕೆಳಗಿಟ್ಟಳು.

ಆಮೇಲೆ ಆ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಅಮ್ಮನ ಜೊತೆ ಆಡುವ ಮಾತು ದಿನದಿಂದ ದಿನಕ್ಕೆ ಚಿಕ್ಕದಾಗುತ್ತಾ ಬಂತು. “ಊಟ ಆಯ್ತಾ?” “ಮಾತ್ರೆ ತಗೊಂಡ್ಯಾ?” “ಬಿಸಿಲಿಗೆ ಹೋಗ್ಬೇಡ!” ಇಷ್ಟೇ. ಕೂಗಿ ಹೇಳಬಹುದಾದ ಮಾತುಗಳು ನಿಜಕ್ಕೂ ಬಹಳ ಕಡಿಮೆ. ಊಟಕ್ಕೆ ಬಾ ಅಂತ ಕೂಗಬಹುದು. ಇವತ್ತು ಮಾರ್ಕೆಟ್ಟಿನಲ್ಲಿ ಯಾಕೋ ಮನಸ್ಸಿಗೆ ಬೇಜಾರಾಯಿತಮ್ಮ ಅಂತ ಕೂಗಲಾದೀತೇ? ಅಣ್ಣನೇ ಒಮ್ಮೆ ನನ್ನ ಹತ್ತಿರ ಹೇಳಿಕೊಂಡ: “ಅಮ್ಮನ ಹತ್ರ ಒಂದು ಮಾತಾಡಿದ್ರೆ ಬೀದಿಗೆಲ್ಲಾ ಕೇಳುತ್ತೆ ಕಣಮ್ಮ. ಮನೆ ವಿಷಯಾನ ಹೆಂಗೆ ಕೂಗೋದು?” ಅವನದೂ ತಪ್ಪಲ್ಲ. ಅಮ್ಮ ಕೂಡ ಒಂದು ಉಪಾಯ ಕಂಡುಕೊಂಡಿದ್ದಳು. ಯಾರು ಏನು ಕೇಳಿದರೂ “ಚೆನ್ನಾಗಿದೀನಿ” ಎನ್ನುವುದು. ಫೋನಿನಲ್ಲಿ ನಾನು “ಅಮ್ಮಾ, ಕಾಲು ನೋವು ಹೆಂಗಿದೆ?” ಅಂದರೂ ಚೆನ್ನಾಗಿದೀನಿ, “ಏನಡಿಗೆ?” ಅಂದರೂ ಚೆನ್ನಾಗಿದೀನಿ. ನಗಬಾರದ ಕಡೆ ನಗುತ್ತಿದ್ದಳು. ಬಂದವರು ಹೋದವರು ಅಜ್ಜಿಗೆ ಅರಳು ಮರಳು ಶುರುವಾಯಿತು ಅಂತ ಮಾತಾಡಿಕೊಂಡರು. ಅವಳ ಎದುರಿಗೇ ಮಾತಾಡಿಕೊಂಡರು, ಕೇಳುವುದಿಲ್ಲವಲ್ಲ.

ಅವಳು ಬಾಯಿತುಂಬಾ ಮಾತಾಡುತ್ತಿದ್ದದ್ದು ಒಬ್ಬಳ ಹತ್ತಿರ ಮಾತ್ರ, ಅವಳ ತಂಗಿ, ನಮ್ಮ ಲಚ್ಚಮ್ಮ ಚಿಕ್ಕಮ್ಮ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ಚಿಕ್ಕಮ್ಮನ ಮನೆ. ವರ್ಷದಲ್ಲಿ ಒಂದೆರಡು ಸಲ ಬಂದು ಹೋಗುತ್ತಿದ್ದಳು. ಅಕ್ಕತಂಗಿ ಇಬ್ಬರೂ ಚಿಕ್ಕಂದಿನಿಂದ ತಮ್ಮತಮ್ಮಲ್ಲಿ ತೆಲುಗು ಮಾತಾಡಿಕೊಂಡವರು. ಒಬ್ಬಳು ಕೈ ಆಡಿಸುತ್ತಾ ಹೇಳುವುದು, ಇನ್ನೊಬ್ಬಳು ಅದಕ್ಕೆ ಸಂಬಂಧವಿಲ್ಲದ್ದನ್ನು ಹೇಳುವುದು, ಇಬ್ಬರೂ ಸೇರಿ ನಗುವುದು. ಅವರಿಗೆ ಕಿವಿಯ ಅಗತ್ಯವೇ ಇದ್ದಂತಿರಲಿಲ್ಲ.

ಅಂಥ ಕಾಲದಲ್ಲಿ ನನ್ನ ಮಗಳು ಚೈತ್ರಾಳ ಕೈಲಿ ಅಜ್ಜಿಗೆ ಕಾಗದ ಬರೆಸಬೇಕು ಅನ್ನುವ ಯೋಚನೆ ನನಗೆ ಬಂತು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮೊಬೈಲು ಮನೆಮನೆಗೆ ಬರುತ್ತಿದ್ದ ಸಮಯ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬಸ್ಸು ಹತ್ತಿದರೆ ಒಂದು ನಿದ್ದೆ ತೆಗೆಯುವುದಕ್ಕೂ ಪುರುಸೊತ್ತಿಲ್ಲ, ಅಷ್ಟು ಹತ್ತಿರ. “ಇಷ್ಟು ದೂರಕ್ಕೆ ಯಾರಾದ್ರೂ ಕಾಗದ ಬರೀತಾರೇನೇ?” ಎಂದು ನನ್ನ ಗಂಡ ಹಾಸ್ಯ ಮಾಡಿದರು. ಚೈತ್ರ ಆಗ ನಾಲ್ಕನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ಕಂಡರೆ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ಆದರೆ ಅಕ್ಷರ ಮಾತ್ರ ದುಂಡಗೆ, ಒಡೆದ ಶೇಂಗಾ ಬೀಜ ಜೋಡಿಸಿಟ್ಟಂತೆ.

ಮೊದಲನೇ ಕಾಗದವನ್ನು ನಾನೇ ಹೇಳಿ ಬರೆಸಿದೆ. ‘ಪೂಜ್ಯ ಅಜ್ಜಿಯವರಿಗೆ ಚೈತ್ರಾಳ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯುವುದು.’ ಚೈತ್ರ ನಾಲಿಗೆ ಹೊರಹಾಕಿಕೊಂಡು, ಪೆನ್ಸಿಲ್ ಒತ್ತಿ ಒತ್ತಿ ಬರೆದಳು. ನಾಲ್ಕೈದು ದಿನಕ್ಕೆ ಉತ್ತರ ಬಂತು. ಅಮ್ಮ ಕಾಗದ ಬರೆದಾಳು ಅಂತ ನಾನು ಅಂದುಕೊಂಡೇ ಇರಲಿಲ್ಲ. ಒಂದು ಕಾರ್ಡು, ಅದರಲ್ಲಿ ಮೇಲೆ ಕೆಳಗೆ ಹಾರುವ ಅಕ್ಷರ: ‘ಪುಟ್ಟಿ ಇದು ನಿನ್ನ ಕಾಗದ ಅಲ್ಲ ನಿಮ್ಮಮ್ಮನ ಕಾಗದ. ನೀನು ಬರಿ.’

ನನಗೆ ಮುಖಕ್ಕೆ ಹೊಡೆದಂತಾಯಿತು. ಅರಳು ಮರಳಂತೆ! ಚೈತ್ರ ಮಾತ್ರ ಕುಣಿದಾಡಿದಳು. ಅವತ್ತೇ ನನ್ನನ್ನು ಅಡುಗೆಮನೆಗೆ ಅಟ್ಟಿ, ಬಾಗಿಲ ಹತ್ತಿರ ಕೂತು ಬರೆದಳು. ಡಬ್ಬಕ್ಕೆ ಹಾಕುವ ಮೊದಲು ನಾನು ಕದ್ದು ನೋಡಿದೆ. ‘ಅಜ್ಜಿ ನಿನ್ನ ಅಲ್ಲು ನೋವು ಹೋಯಿತಾ. ಅಮ್ಮ ಇವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅಪ್ಪ ಚೆನ್ನಾಗಿದೆ ಅಂದರು ಆದರೆ ನೀರು ಕುಡಿದರು.’ ಹಲ್ಲು ಅಲ್ಲಾಗಿತ್ತು. ಮೇಡಂ ಕೈ ಕೆಂಪು ಪೆನ್ನಿಗೆ ತುಡಿಯಿತು. ಹೇಗೋ ತಡೆದುಕೊಂಡೆ. ನಾನು ಆಮೇಲೆ ನನ್ನ ಶಾಲೆಯ ಮಕ್ಕಳಿಗೂ ಕಾರ್ಡು ಕೊಟ್ಟು ಅತ್ತೆಗೋ ಮಾವನಿಗೋ ಬರೆಯಿರಿ ಅಂತ ಹೇಳಿದ್ದುಂಟು. ಅವತ್ತಿನಿಂದ ಒಂದು ನೇಮ ಇಟ್ಟುಕೊಂಡಿದ್ದೇನೆ: ಮಗು ಬರೆದ ಕಾಗದವನ್ನು ತಿದ್ದುವುದಿಲ್ಲ. ಲೆಕ್ಕ ತಪ್ಪಿದರೆ ತಿದ್ದಲೇಬೇಕು. ‘ಅಲ್ಲು ನೋವು’ ಅಂತ ಬರೆದರೂ ಅಜ್ಜಿಗೆ ನೋವು ಹಲ್ಲಿನಲ್ಲೇ ಅಂತ ಗೊತ್ತಿರುತ್ತದೆ.

ಹೀಗೆ ಕಾಗದಗಳು ಹೋಗುತ್ತಾ ಬರುತ್ತಾ ಇದ್ದವು. ಅಮ್ಮ ಬರೆಯುವಾಗ ಮಧ್ಯೆ ಮಧ್ಯೆ ತೆಲುಗು ನುಗ್ಗುತ್ತಿತ್ತು, ಅದೂ ಕನ್ನಡ ಅಕ್ಷರದಲ್ಲಿ. ಚೈತ್ರ ಅರ್ಥ ಕೇಳಿಕೊಂಡು ನನ್ನ ಹತ್ತಿರ ಬರುವಳು. ಅಮ್ಮ ನನ್ನ ಜೊತೆ ಎಂದೂ ಆಡದ ಮಾತುಗಳು ಆ ಕಾರ್ಡುಗಳಲ್ಲಿ ಇರುತ್ತಿದ್ದವು. ‘ಎಲ್ಲರೂ ಬಾಯಿ ಆಡಿಸುತ್ತಾರೆ ಪುಟ್ಟಿ, ನಾನು ಮೀನಿನ ತೊಟ್ಟಿ ನೋಡಿದ ಹಾಗೆ ನೋಡುತ್ತೀನಿ.’ ಇದನ್ನು ಓದಿದ ದಿನ ನಾನು ಪಾಠ ಮಾಡಲಾಗದೆ ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿದೆ. ಅಣ್ಣನಿಗೆ ತೋರಿಸೋಣ ಅನ್ನಿಸಿತು. ಆದರೆ ಅದು ಮೊಮ್ಮಗಳಿಗೆ ಬಂದ ಕಾಗದ. ತೋರಿಸಲಿಲ್ಲ.

ಚೈತ್ರ ಏಳನೇ ಕ್ಲಾಸಿಗೆ ಬಂದ ವರ್ಷ, ಅವರೆಕಾಯಿಯ ಕಾಲ. ಒಂದು ಭಾನುವಾರ ಬೆಳಗ್ಗೆ ಅಣ್ಣನ ಫೋನು ಬಂತು. ಲಚ್ಚಮ್ಮ ಚಿಕ್ಕಮ್ಮ ಹೋಗಿಬಿಟ್ಟಿದ್ದಳು. ಬೆಳಗ್ಗೆ ಒಲೆಯ ಮುಂದೆ ಕೂತಿದ್ದವಳು ಹಾಗೇ ಗೋಡೆಗೆ ಒರಗಿದಳಂತೆ. ನಾನೂ ಚೈತ್ರಾಳೂ ಸಿಕ್ಕ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋದೆವು. ಅಲ್ಲಿಂದ ಎಲ್ಲರೂ ಸೇರಿ ಕೆಂಚಾರ್ಲಹಳ್ಳಿಗೆ ಹೋಗುವುದು ಅಂತ.

ಮನೆ ಮುಂದೆ ಬಾಡಿಗೆ ವ್ಯಾನು ನಿಂತಿತ್ತು. ಒಳಗೆ ಕಾಲಿಟ್ಟರೆ ಅಮ್ಮ ನಡುಮನೆಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಪಕ್ಕದಲ್ಲಿ ಒಂದು ಬ್ಯಾಗು. ನಮ್ಮನ್ನು ನೋಡಿ ಮುಖ ಅರಳಿತು. “ನೀವೂ ಬಂದ್ರಾ? ಬನ್ನಿ ಬನ್ನಿ” ಅಂದಳು.

ನನಗೆ ಅರ್ಥವಾಗಲಿಲ್ಲ. ಅತ್ತಿಗೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಿಕ್ಕಿ ಬಿಕ್ಕಿ ಅತ್ತರು.

“ನಾನೇ ಹೇಳೋಕೆ ಹೋದೆ ಕಣಮ್ಮ. ಕಿವಿ ಹತ್ರ ಹೋಗಿ, ಲಚ್ಚಮ್ಮೋರು ಹೋಗ್ಬಿಟ್ರು ಅಂತ ಕೂಗಿದೆ. ಎಲ್ಲಿಗ್ ಹೋದ್ಲು, ತಿರುಪತಿಗಾ ಅಂದ್ರು. ನನ್ನ ಬಿಟ್ಟು ಹೊರಟುಬಿಟ್ಲಾ ಅಂತ ಸಿಟ್ಟು ಮಾಡ್ಕೊಂಡ್ರು. ಆಮೇಲೆ ವ್ಯಾನ್ ಬಂತಲ್ಲ, ನಮ್ಮನ್ನೂ ಕರ್ಕೊಂಡು ಹೋಗೋಕೆ ಬಂದೈತೆ ಅನ್ಕೊಂಡು ಸೀರೆ ಬದಲಾಯಿಸ್ಕೊಂಡ್ರು. ಇನ್ನೊಂದು ಸಲ ಕೂಗೋಕೆ ನನ್ನ ಕೈಲಾಗಲ್ಲಮ್ಮ.”

ಅಕ್ಕತಂಗಿ ಇಬ್ಬರೂ ತಿರುಪತಿಗೆ ಹೋಗಬೇಕು ಅಂತ ಸಂಕ್ರಾಂತಿಯಿಂದ ಸಂಕ್ರಾಂತಿಗೆ ಮುಂದೂಡುತ್ತಾ ಬಂದಿದ್ದರು.

ಅಣ್ಣ ಬಾಗಿಲಲ್ಲಿ ನಿಂತಿದ್ದ. “ಈಗ ಏನೂ ಹೇಳೋದು ಬೇಡ. ಅಲ್ಲಿಗೆ ಹೋದ್ಮೇಲೆ ತಾನೇ ಗೊತ್ತಾಗುತ್ತೆ” ಅಂದ. ಯಾರಿಗಾದರೂ ಕೂಗುವ ಧೈರ್ಯ ಎಲ್ಲಿಂದ ಬರಬೇಕು? ಸತ್ತಳು, ಸತ್ತಳು ಅಂತ ತಾಯಿಯ ಕಿವಿಯಲ್ಲಿ ಕಿರುಚುವುದು ಹೇಗೆ?

ನಾನು ಬರೆದು ತೋರಿಸುತ್ತೇನೆ ಅಂತ ಚೈತ್ರಾಳ ಬ್ಯಾಗಿನಿಂದ ಒಂದು ಹಾಳೆ ಹರಿದೆ. ‘ಅಮ್ಮಾ’ ಅಂತ ಬರೆದೆ. ಮುಂದಕ್ಕೆ ಪೆನ್ನು ಹೋಗಲಿಲ್ಲ. ಮೊದಲೇ ಇರುವೆ ಸಾಲಿನಂಥ ಅಕ್ಷರ ಮತ್ತೂ ಕೆಟ್ಟಿತು. ಚೈತ್ರ ನೋಡುತ್ತಾ ನಿಂತಿದ್ದಳು.

“ನಾನು ಬರೀತೀನಿ ಕೊಡಮ್ಮ” ಅಂದಳು. “ನಿನ್ನ ಅಕ್ಷರ ಅಜ್ಜಿಗೆ ಓದೋಕೆ ಬರಲ್ಲ.”

“ಬೇಡ ಕಣಮ್ಮ” ಅಂದ ಅಣ್ಣ. “ಮಗು ಕೈಲಿ ಇಂಥದ್ದು ಬರೆಸ್ಬಾರ್ದು.”

“ಅಲ್ಲಿ ಹೋಗಿ ವ್ಯಾನ್ ಇಳಿದ ತಕ್ಷಣ ನೋಡಿದ್ರೆ ಅಜ್ಜಿ ಏನಾಗ್ಬೇಕು ಮಾವ?” ಅಂದಳು ಚೈತ್ರ. “ಅಷ್ಟೊಂದು ಜನ ಇರ್ತಾರೆ. ಎಲ್ಲರಿಗೂ ಗೊತ್ತಿರುತ್ತೆ, ಅಜ್ಜಿಗೆ ಮಾತ್ರ ಗೊತ್ತಿರಲ್ಲ.”

ಅಣ್ಣ ನನ್ನ ಮುಖ ನೋಡಿದ. ಅಜ್ಜಿಗೆ ಕಾಗದ ಬರಿ ಅಂತ ಕೂರಿಸಿದವಳು ನಾನು. ಕಾಗದ ಎಂದರೆ ಸಾರು, ಉಪ್ಪು, ಹಲ್ಲುನೋವು ಅಷ್ಟೇ ಅಂತ ನಾನೂ ಅಂದುಕೊಂಡಿದ್ದೆ. ಅವಳು ನನ್ನ ಒಪ್ಪಿಗೆಗೆ ಕಾಯಲಿಲ್ಲ. ನೆಲದ ಮೇಲೆ ಕೂತು, ಮೊಣಕಾಲಿನ ಮೇಲೆ ಪಟ್ಟಿ ಪುಸ್ತಕ ಇಟ್ಟುಕೊಂಡು ಬರೆದಳು. ನಿಧಾನವಾಗಿ, ಅಕ್ಷರ ಬಿಡಿಸಿ ಬಿಡಿಸಿ. ಮಧ್ಯೆ ಒಂದು ಸಲ ನಿಲ್ಲಿಸಿ ಅಜ್ಜಿಯ ಕಡೆ ನೋಡಿದಳು. ಹಾಳೆ ತೆಗೆದುಕೊಂಡು ಹೋಗಿ ಅಜ್ಜಿಯ ಪಕ್ಕ ತೊಡೆಗೆ ತೊಡೆ ತಾಗುವಂತೆ ಕೂತು, ಅವಳ ಕೈಗೆ ಕೊಟ್ಟಳು.

ಅಮ್ಮ ಬಾಚಣಿಗೆ ಕೆಳಗಿಟ್ಟು ಕನ್ನಡಕ ಹಾಕಿಕೊಂಡಳು. “ಏನೇ, ಎದುರಿಗೇ ಇದ್ದು ಕಾಗದ ಕೊಡ್ತೀಯಾ!” ಅಂತ ನಕ್ಕಳು. ಎಂದಿನಂತೆ ಬೆರಳಿಟ್ಟು, ಜೋರಾಗಿ ಓದತೊಡಗಿದಳು.

“ಅಜ್ಜಿ... ನಾನು... ನಿನ್ನ ಪಕ್-ಕದಲ್ಲೇ... ಇದೀನಿ.” ತಿರುಗಿ ಮೊಮ್ಮಗಳ ಕೆನ್ನೆ ಮುಟ್ಟಿದಳು. ಅಣ್ಣ ಅಷ್ಟರಲ್ಲಿ ಶೆಡ್ಡಿನ ಮೋಟಾರು ನಿಲ್ಲಿಸಿದ್ದ. ಆ ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕೆಲಸದ ಹೆಂಗಸರು ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತರು.

“ಲಚ್-ಚಮ್ಮಜ್ಜಿ... ತಿರುಪತಿಗೆ... ಹೋಗಿಲ್ಲ. ಅವರು... ಇವತ್ತು ಬೆಳಗ್ಗೆ... ತೀ...”

ಬೆರಳು ಅಲ್ಲೇ ನಿಂತಿತು. ಅವಳು ಆ ಅಕ್ಷರಕ್ಕೆ ವಾಪಸ್ ಬಂದಳು. “ತೀ... ರಿ...” ಮತ್ತೆ ನಿಂತಳು. ಪೂರ್ತಿ ಶಬ್ದವನ್ನು ಅವಳು ಬಾಯಿಬಿಟ್ಟು ಓದಲಿಲ್ಲ. ಜೀವನದಲ್ಲಿ ಮೊದಲನೇ ಸಲ ಮನಸ್ಸಿನಲ್ಲೇ ಓದಿಕೊಂಡಳೋ ಏನೋ. ಬೆರಳು ಮಾತ್ರ ನಿಧಾನವಾಗಿ ಸಾಲಿನ ಕೊನೆಯವರೆಗೆ ಹೋಯಿತು. ಅದರ ಕೆಳಗೆ ಇನ್ನೊಂದು ಸಾಲಿತ್ತು: ‘ನಾವೆಲ್ಲ ಸೇರಿ ನಿನ್ನನ್ನು ಅವರ ಹತ್ತಿರ ಕರೆದುಕೊಂಡು ಹೋಗುತ್ತೀವಿ.’ ಅದನ್ನೂ ಬೆರಳು ಮುಗಿಸಿತು.

“ನಾಕಂಟೆ ಮುಂದು ಪೋಯಿಂದಾ” ಅಂದಳು. ತೆಲುಗಿನಲ್ಲಿ, ಯಾರಿಗೂ ಅಲ್ಲ. ನನಗಿಂತ ಮೊದಲೇ ಹೋದಳಾ ಅಂತ.

ಆಮೇಲೆ ಚೈತ್ರಾಳ ಕಡೆ ತಿರುಗಿ, “ನೋವು ತಿಂದ್ಲಾ?” ಅಂತ ಕೇಳಿದಳು.

ಚೈತ್ರ ನನ್ನ ಕಡೆ ನೋಡಿದಳು. ಇಲ್ಲ ಅಂತ ಬರೆದುಬಿಡು ಎಂದು ನಾನು ತಲೆ ಆಡಿಸಿದೆ. ಅವಳು ಹಾಳೆಯ ಮೇಲೆ ಬರೆದದ್ದು ಬೇರೆ: ‘ಗೊತ್ತಿಲ್ಲ ಅಜ್ಜಿ. ಒಲೆ ಮುಂದೆ ಕೂತಿದ್ದರಂತೆ. ಹಾಗೇ ಒರಗಿದರಂತೆ.’ ಅಮ್ಮ ಓದಿ ತಲೆದೂಗಿದಳು. ಆ ‘ಗೊತ್ತಿಲ್ಲ’ವನ್ನು ಅವಳು ನಂಬಿದಳು, ಹಾಗಾಗಿ ಮುಂದಿನದನ್ನೂ ನಂಬಿದಳು ಅಂತ ನನಗೆ ಆಮೇಲೆ ಅನ್ನಿಸಿತು.

“ಒಲೆ ಮೇಲೆ ಏನಿಟ್ಟಿದ್ಲು?”

ಇದು ನಮ್ಮಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ. ಅಣ್ಣ ಕೆಂಚಾರ್ಲಹಳ್ಳಿಗೆ ಫೋನ್ ಮಾಡಿದ. ಅಲ್ಲಿ ಅಳುತ್ತಿದ್ದವರನ್ನು, ಒಲೆ ಮೇಲೆ ಏನಿತ್ತು ಅಂತ ಕೇಳಿದ. ನಮ್ಮ ಕಡೆ ತಿರುಗಿ ಮೆಲ್ಲಗೆ, “ಹಿದಕಿದ ಬೇಳೆ” ಅಂದ. ಚೈತ್ರ ಬರೆದಳು: ‘ಹಿದಕಿದ ಬೇಳೆ ಸಾರು.’

“ನನಗೆ ಇಷ್ಟ ಅಂತ ಪ್ರತಿ ವರ್ಷ ಮಾಡಿ ಕಳಿಸೋಳು” ಅಂದಳು ಅಮ್ಮ. ಆಗ ಅವಳಿಗೆ ಅಳು ಬಂತು. ತನಗೆ ಕೇಳದ ಅಳು. ಬಹಳ ಜೋರಾಗಿತ್ತು. ಅತ್ತಿಗೆ ಓಡಿ ಬಂದು ತಬ್ಬಿಕೊಂಡರು. ಚೈತ್ರ ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತಳು. ಇಷ್ಟು ಹೊತ್ತು ಅವಳು ಅತ್ತಿರಲಿಲ್ಲ.

ಸ್ವಲ್ಪ ತಡೆದು ಅಮ್ಮ ಎದ್ದು, ಒಳ್ಳೆಯ ಸೀರೆ ಬದಲಾಯಿಸಿ, ಮನೆಯಲ್ಲಿ ಉಡುವ ಸೀರೆ ಉಟ್ಟು ಬಂದಳು. ವ್ಯಾನು ಹತ್ತಿದೆವು. ಅಣ್ಣ ಅಮ್ಮನ ಒಂದು ಪಕ್ಕ, ಚೈತ್ರ ಇನ್ನೊಂದು ಪಕ್ಕ. ಚಿಂತಾಮಣಿ ದಾಟಿದೆವು. ಹೊರಗೆ ಹಿಪ್ಪುನೇರಳೆ ತೋಟ, ಟೊಮೇಟೊ ತೋಟ, ಬಿಸಿಲು. ಅಣ್ಣ ಒಂದೆರಡು ಸಲ ಅಮ್ಮನ ಕಿವಿಯ ಕಡೆ ಬಾಗಿದ, ಏನೂ ಹೇಳದೆ ಹಿಂದಕ್ಕೆ ಒರಗಿದ. ಆಮೇಲೆ ಚೈತ್ರಾಳ ಕಡೆ ಕೈ ಚಾಚಿದ.

“ಪೆನ್ನು ಕೊಡಮ್ಮ.”

ಅಣ್ಣ ಸಹಿ ಬಿಟ್ಟರೆ ಬೇರೇನೂ ಬರೆದದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ವ್ಯಾನಿನ ಕುಲುಕಾಟದಲ್ಲಿ, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಶಾಲೆಯ ಹುಡುಗನಂತೆ ಬಾಗಿ ಬರೆದ. ಬರೆದು ಅಮ್ಮನ ಮಡಿಲಿಗೆ ಸರಿಸಿ ಕಿಟಕಿಯ ಆಚೆ ಮುಖ ತಿರುಗಿಸಿಕೊಂಡ.

ಅಮ್ಮ ಓದಿದಳು, ಜೋರಾಗಿ. “ಅಮ್ಮಾ... ಈಜು ಕಲಿಸೋಕೆ... ಚಿಕ್-ಕಮ್ಮ ನನ್ನ... ಬಾವಿಗೆ ತಳ್-ಳಿದ್ದು... ನೆನಪಿದೆಯಾ.”

ಅವಳು ಕನ್ನಡಕದ ಮೇಲಿನಿಂದ ಮಗನನ್ನು ನೋಡಿದಳು. “ತಳ್ಳಿದ್ದಲ್ವೋ! ಆಟ ಆಡ್ತಾ ನೀನೇ ಜಾರಿ ಬಿದ್ದಿದ್ದು. ಅವಳು ಸೀರೆ ಸಮೇತ ಧುಮುಕಿ ಎತ್ಕೊಂಡ್ ಬಂದ್ಲು. ಬಾವಿ ಹತ್ರ ಹೋದ್ರೆ ನಿಮ್ಮಪ್ಪ ಚರ್ಮ ಸುಲೀತಾರೆ ಅಂತ, ನಾನೇ ತಳ್ಳಿದೆ ಭಾವ, ಈಜು ಕಲೀಲಿ ಅಂತ, ಅಂದ್ಲು. ನಿಮ್ಮಪ್ಪನ ಕೈಲಿ ಬೈಸ್ಕೊಂಡಿದ್ದು ಅವಳು. ನಿನಗೂ ಹಂಗೇ ಹೇಳಿ ನಂಬಿಸಿದ್ಲು.”

ಅಣ್ಣ ಕಿಟಕಿಯಿಂದ ತಿರುಗಿದ. ಇಷ್ಟು ವಯಸ್ಸಾದರೂ ಅವನು ಆ ಕಥೆಯನ್ನು ಊರಿಗೆಲ್ಲ ನಗುತ್ತಾ ಹೇಳಿಕೊಂಡು ಬಂದಿದ್ದ, ನಮ್ಮ ಚಿಕ್ಕಮ್ಮ ಎಂಥ ಗಟ್ಟಿಗಿತ್ತಿ, ಮಕ್ಕಳನ್ನ ಬಾವಿಗೇ ತಳ್ಳೋಳು ಅಂತ. ಅವನ ಕಣ್ಣು ತುಂಬಿ ಬಂತು. ಪೆನ್ನು ತಗೊಂಡು ಮತ್ತೊಂದು ಸಾಲು ಬರೆದ. ಅಮ್ಮ ಅದನ್ನು ಓದಿ, ಇನ್ನೊಂದು ಕಥೆ ಹೇಳಿದಳು. ಅವನು ಮತ್ತೆ ಬರೆದ. ಅವನು ಬರೆಯುವುದು, ಅವಳು ಹೇಳುವುದು. ಹಾಳೆ ಎರಡೂ ಕಡೆ ತುಂಬಿತು. ಚೈತ್ರ ಇನ್ನೊಂದು ಹಾಳೆ ಕೊಟ್ಟಳು. ತಾಯಿ ಮಗ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಬಹಳ ವರ್ಷಗಳ ಮೇಲೆ ಕಂಡದ್ದು. ಅಮ್ಮ ಆಮೇಲೂ ಕೆಲವು ವರ್ಷ ಬದುಕಿದ್ದಳು. ಆ ವರ್ಷಗಳಲ್ಲಿ ಶಿಡ್ಲಘಟ್ಟದ ಮನೆಯಲ್ಲಿ ಅವಳ ಮಂಚದ ಪಕ್ಕ ಒಂದು ಪಟ್ಟಿ ಪುಸ್ತಕವೂ ದಾರ ಕಟ್ಟಿದ ಪೆನ್ನೂ ತಪ್ಪುತ್ತಿರಲಿಲ್ಲ. ಅತ್ತಿಗೆ ಕೂಡ ಬರೆಯುತ್ತಿದ್ದರು.

ಕೆಂಚಾರ್ಲಹಳ್ಳಿ ಬಂತು. ಚಿಕ್ಕಮ್ಮನ ಮನೆ ಮುಂದೆ ಜನ ಸೇರಿದ್ದರು. ಅಮ್ಮ ವ್ಯಾನಿನಿಂದ ಇಳಿಯುವುದನ್ನು ಕಂಡು ಹೆಂಗಸರು ಸುತ್ತಲೂ ಬಂದರು. ಕಿವಿ ಕೇಳದ ಅಕ್ಕನಿಗೆ ಸುದ್ದಿ ಮುಟ್ಟಿದೆಯೋ ಇಲ್ಲವೋ ಎಂದು ಅವರವರಲ್ಲೇ ಮುಖ ನೋಡಿಕೊಂಡರು. ಒಬ್ಬಾಕೆ ಮುಂದೆ ಬಂದು, ಅಮ್ಮನ ಕಿವಿಗೆ ಬಾಯಿಟ್ಟು ಕೂಗಲು ಉಸಿರು ಎಳೆದುಕೊಂಡಳು.

ಅಮ್ಮ ಕೈ ಎತ್ತಿ ಅವಳನ್ನು ತಡೆದಳು. ಇನ್ನೊಂದು ಕೈ ಚೈತ್ರಾಳ ಹೆಗಲ ಮೇಲಿತ್ತು.

“ನಂಗೊತ್ತಮ್ಮ” ಅಂದಳು. “ನನ್ನ ಮೊಮ್ಮಗಳು ಹೇಳಿದ್ಲು.”